ಗೋಡೆಯ ಕಡೆ ಮುಖ ಮಾಡಿ ಉಂಡ ವರ್ಷಗಳು

ಹೇಮಾವತಿ ತುಂಬಿ ಹರಿಯುತ್ತಿದೆ. ಹರಿಗೋಲಿನವರು ಹೊಳೆಗೆ ಇಳಿಯುವುದಿಲ್ಲ ಎಂದು ಕೂತಿದ್ದಾರೆ. ನಾನು ದಾಟಿ ಹೋಗಬೇಕಾಗಿದೆ, ಆಗುತ್ತಿಲ್ಲ. ಸುಮ್ಮನೆ ಕೂತು ಹೊಳೆಯನ್ನು ಬೈಯುವ ಬದಲು ನನ್ನ ಹೊಟ್ಟೆಯ ಕಥೆಯನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ. ಇಷ್ಟು ವರ್ಷ ಎಲ್ಲರಿಗೂ ನನ್ನ ಹೊಟ್ಟೆಯ ಬಗ್ಗೆ ಹೇಳುವುದಕ್ಕೆ ಏನಾದರೊಂದು ಇದ್ದೇ ಇತ್ತು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ಯಾರ ಮನೆಯ ಜಗಲಿ ಹತ್ತಿದರೂ ಮೊದಲು ಬರುವ ಮಾತು, "ಇಟ್ಟುಂಡ್ಯಾ?" ಇಟ್ಟು ಎಂದರೆ ಮುದ್ದೆ. ಉಂಡೆ ಎಂದರೆ ಸಂತೋಷ, ಇಲ್ಲ ಎಂದರೆ ಎಲೆ ಹಾಕುತ್ತಾರೆ. ಉಣ್ಣಲಿಲ್ಲ, ಉಣ್ಣಲಾರೆ ಎಂದರೆ ಏನು ಮಾಡಬೇಕೆಂದು ಅವರಿಗೂ ತಿಳಿಯದು. ರಾಗಿ ಮುದ್ದೆಯನ್ನೇ ಊಟ ಎನ್ನುವ ಊರುಗಳಲ್ಲಿ ಮುದ್ದೆ ಉಣ್ಣಲಾರದ ಗಂಡಸು ಈಜು ಬಾರದ ಅಂಬಿಗನಿದ್ದಂತೆ. ಮರುಕ ತೋರಿಸುತ್ತಾರೆ, ಆದರೆ ಜೊತೆಗೆ ಸೇರಿಸಿಕೊಳ್ಳುವುದಿಲ್ಲ.

ನಾನು ಅಕ್ಕಸಾಲಿ. ಹುಟ್ಟಿದ್ದು ಬಿಂಡಿಗನವಿಲೆಯಲ್ಲಿ, ಕೆಲಸ ಮಾಡಿದ್ದು ಪಟ್ಟಣದಲ್ಲಿ. ಆಗ ಶ್ರೀರಂಗಪಟ್ಟಣವನ್ನು ಪೂರ್ತಿ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಪಟ್ಟಣವೆಂದರೆ ಅದೊಂದೇ. ಸುಲ್ತಾನರ ಕಾಲ. ಕತ್ತಿಯ ಹಿಡಿಗಳಿಗೆ ಬೆಳ್ಳಿ ಕೂರಿಸುವ ಕೆಲಸ ಕೈತುಂಬ ಇತ್ತು. ಬೆಳಗಿನಿಂದ ಸಂಜೆಯವರೆಗೆ ಅಗ್ಗಿಷ್ಟಿಕೆಯ ಮುಂದೆ ಬಾಗಿ ಕೂತು ಊದುಗೊಳವೆ ಊದುವುದು, ಹಸಿವಾದರೆ ಆಮೇಲೆ ಉಂಡರಾಯಿತು ಎನ್ನುವುದು, ಆಮೇಲೆ ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಉಣ್ಣುವುದು. ಹಾಗೆ ಇರುವಾಗ ಹೊಟ್ಟೆ ಕೈಕೊಟ್ಟಿತು. ಒಂದಷ್ಟು ದಿನ ಕಟ್ಟಿಕೊಂಡು ಕಲ್ಲಾಗುವುದು, ಇನ್ನಷ್ಟು ದಿನ ತಡೆಯಿಲ್ಲದೆ ಹೋಗುವುದು. ಉಂಡ ಸ್ವಲ್ಪ ಹೊತ್ತಿಗೆ ಹೊಕ್ಕುಳ ಸುತ್ತ ಯಾರೋ ಹಗ್ಗ ಹೊಸೆದ ಹಾಗೆ ನೋವು. ನಾನು ಕೆಲಸ ಬಿಟ್ಟು ಏಳುತ್ತಿದ್ದ ಹಾಗೇ ಜೊತೆಯವರು, "ಆಚಾರಿ ಕಾವೇರಿ ನೋಡಾಕೆ ಒಂಟ ಕಣ್ಲಾ," ಎನ್ನುತ್ತಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ.

ಒಬ್ಬರು ಓಮ ಅಗಿ ಅಂದರು. ಇನ್ನೊಬ್ಬರು ಬಿಲ್ವದ ಕಾಯಿ ಸುಟ್ಟು ತಿನ್ನು ಅಂದರು. ದಾಳಿಂಬೆ ಸಿಪ್ಪೆ ಅಂದವರೂ ಇದ್ದರು, ಇಂಗು ಅಂದವರೂ ಇದ್ದರು. ಎಲ್ಲರ ಮಾತನ್ನೂ ಕೇಳಿದೆ, ನನ್ನ ಹೊಟ್ಟೆ ಯಾರ ಮಾತನ್ನೂ ಕೇಳಲಿಲ್ಲ. ಕಡೆಗೆ ಪಟ್ಟಣದ ವೈದ್ಯರೊಬ್ಬರು ನಾಡಿ ಹಿಡಿದು, ಇದು ಗ್ರಹಣಿ, ಬಂದ ನೆಂಟ ಬೇಗ ಹೋಗುವುದಿಲ್ಲ, ಪಥ್ಯದಲ್ಲಿರು ಎಂದು ಹೇಳಿದರು. ಮುದ್ದೆ, ಅವರೆ, ಹುರುಳಿ, ಹುಣಿಸೆ, ಉಪ್ಪಿನಕಾಯಿ ಎಲ್ಲ ನಿಂತವು. ಗಂಜಿ, ಕಡೆದ ಮಜ್ಜಿಗೆ, ಹೆಸರುಬೇಳೆಯ ಕಟ್ಟು, ಇಷ್ಟೇ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನೋವು ಅರ್ಧ ಇಳಿಯಿತು, ಉಳಿದರ್ಧ ನನ್ನ ಜೊತೆಗೇ ಇದ್ದುಬಿಟ್ಟಿತು.

ಆ ಹೊತ್ತಿಗೆ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಚಿಕ್ಕವಳು. ಅವಳನ್ನು ನೋಡಿಕೊಳ್ಳಲು ಊರಿನಿಂದ ಅವ್ವ ಬಂದಳು. ನನ್ನ ಕಾಯಿಲೆಯ ಮೂಲ ಅವ್ವನಿಗೆ ನೋಡಿದ ಕೂಡಲೇ ತಿಳಿದುಹೋಯಿತು. ಹಿಂದೆ ಹಿರೋಡೆಯ ಮದುವೆಯೊಂದರಲ್ಲಿ ನಾನು ಹೋಳಿಗೆಯ ಮೇಲೆ ಹೋಳಿಗೆ ಉಂಡಿದ್ದೆ. ಉಂಡರೆ ಹೀಗೆ ಉಣ್ಣಬೇಕು ಎಂದು ಪಂಕ್ತಿಯವರೆಲ್ಲ ನನ್ನನ್ನೇ ನೋಡುತ್ತಿದ್ದರಂತೆ. ಅವ್ವ ಹೇಳಿದಳು, "ನೆದರು ಕಣ್ಲಾ ಇದು. ಅಷ್ಟು ಜನದ ಕಣ್ಣು ನಿನ್ನೊಟ್ಟೆ ಮ್ಯಾಲೆ ಬಿದ್ದದೆ. ಇನ್ ಮ್ಯಾಕೆ ನೀನು ಉಣ್ಣೋದ ಯಾರೂ ಕಾಣಬಾರ್ದು."

ಹೀಗೆ ನನ್ನ ಎಲೆ ಮೂಲೆಗೆ ಹೋಯಿತು. ಗೋಡೆಯ ಕಡೆ ಮುಖ, ಮನೆಯ ಕಡೆ ಬೆನ್ನು. ನಾನು ಕೂತಾಗ ಯಾರೂ ಒಳಗೆ ಬರಬಾರದು. ಅವ್ವ ಕಾವಲಿಗೆ ಮಗಳನ್ನು ಕೂರಿಸುತ್ತಿದ್ದಳು. ಅವಳು ಬಾಗಿಲ ಕಡೆ ಮುಖ ಮಾಡಿ, ನನ್ನ ಬೆನ್ನಿಗೆ ಬೆನ್ನು ಆನಿಸಿ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತ ಕೂರುತ್ತಿದ್ದಳು. ಅವ್ವ ಸತ್ತ ಮೇಲೂ ಅವ್ವನ ಕಟ್ಟಳೆ ಸಾಯಲಿಲ್ಲ. ಅದನ್ನು ನಾನು ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ. ಯಾರಾದರೂ ನೋಡುತ್ತಿದ್ದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂಬುದು ಮಾತ್ರ ನಿಜ.

ಮಗಳು ಸುಮ್ಮನೆ ಕೂರುವವಳಲ್ಲ. ಬೀದಿಯ ಸುದ್ದಿಯೆಲ್ಲ ನನ್ನ ಬೆನ್ನಿಗೆ ಹೇಳುತ್ತಿದ್ದಳು. ಯಾರ ಮನೆಯ ಹಸು ಈಯಿತು, ಯಾರ ಮನೆಯ ಸೊಸೆ ಮುನಿಸಿಕೊಂಡು ತೌರಿಗೆ ಹೋದಳು, ಎದುರು ಮನೆಯ ಬೆಕ್ಕು ಯಾವ ಗಡಿಗೆಗೆ ಬಾಯಿ ಹಾಕಿತು. ನಗುವಾಗ ಅವಳ ಬೆನ್ನು ಅಲುಗುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಕಡೆಯಲ್ಲಿ, "ಯಾರೂ ನೋಡ್ತಿಲ್ಲ, ಉಣ್ಣು ಅಪ್ಪಯ್ಯ," ಎನ್ನುತ್ತಿದ್ದಳು. ದಿನಕ್ಕೆ ಅಷ್ಟು ಹೊತ್ತು ನಾನು ಒಬ್ಬರ ಜೊತೆ ಇದ್ದೆ. ಉಳಿದ ಹೊತ್ತೆಲ್ಲ ಒಂಟಿ. ಊಟದ ಹೊತ್ತಿಗೆ ಎದ್ದು ಹೋಗುವವನ ಜೊತೆ ಗೆಳೆತನ ನಿಲ್ಲುವುದಿಲ್ಲ. ಮೊದಲು ಹಬ್ಬಕ್ಕೆ ಕರೆಯುವುದನ್ನು ಬಿಟ್ಟರು, ಆಮೇಲೆ ಬೇರೆಯದಕ್ಕೂ ಬಿಟ್ಟರು. ಬೈಯೋಣವೆಂದರೆ ಯಾರೂ ತಪ್ಪು ಮಾಡಿರಲಿಲ್ಲ.

ದಿನವೆಲ್ಲ ಬಾಗಿ ಕೂರುವುದು ಆಗದಾದಾಗ ಪಟ್ಟಣ ಬಿಟ್ಟು ಹೊಸಹೊಳಲಿಗೆ, ಅಣ್ಣನ ಮನೆಗೆ ಬಂದೆವು. ಅಲ್ಲಿ ಮಗಳಿಗೆ ಗಂಡು ನೋಡಲು ಶುರುವಾಯಿತು. ಮೊದಲು ಬಂದ ಸಂಬಂಧ ಮಾತಿನಲ್ಲೇ ನಿಂತಿತು, ಎರಡನೆಯದು ವೀಳ್ಯದವರೆಗೆ ಬಂದು ಹಿಂದೆ ಸರಿಯಿತು. ಹೊಟ್ಟೆರೋಗದ ಮನೆ, ರಕ್ತದಲ್ಲೇ ಬಂದಿರುತ್ತದೆ, ನಾಳೆ ನಮ್ಮ ಮೊಮ್ಮಕ್ಕಳಿಗೂ ಬರುತ್ತದೆ ಎಂದರಂತೆ. ನನ್ನನ್ನು ಏನಾದರೂ ಅನ್ನಲಿ, ಅವಳೇನು ಮಾಡಿದ್ದಳು? ನನಗೆ ಎಷ್ಟು ಸಿಟ್ಟು ಬಂದಿತೆಂದರೆ ಅಂದು ಗಂಜಿಯೂ ಬೇಡವೆಂದು ಮಲಗಿದೆ.

ಮೂರನೆಯದು ನಾಗಮಂಗಲದ ಕಡೆಯದು, ಕಂಚು ಎರೆಯುವವರ ಮನೆ. ಹುಡುಗ ಒಳ್ಳೆಯವನು, ಹುಡುಗಿಯೂ ಒಪ್ಪಿಗೆಯಾಗಿದ್ದಳು. ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದರು, "ನೋಡಪ್ಪ, ಅವ್ರಿಗೆ ನಿನ್ನೊಟ್ಟೆ ಸುದ್ದಿ ಇನ್ನೂ ಮುಟ್ಟಿಲ್ಲ. ಧಾರೆನ ನಾನೂ ನಿಮ್ಮಣ್ಣನೂ ಎರೀತೀವಿ. ಆದ್ರೆ ಬೀಗರ ಪಂಕ್ತೀಲಿ ನಿನ್ ಬದ್ಲಿ ನಾವ್ ಉಣ್ಣಾಕಾಯ್ತದಾ?"

ಅದೊಂದು ಪದ್ಧತಿ ನಮ್ಮಲ್ಲಿ. ಧಾರೆ ಆದ ಮೇಲೆ ಎರಡು ಕಡೆಯವರೂ ಎದುರುಬದುರು ಪಂಕ್ತಿ ಕೂರುತ್ತಾರೆ. ಹೆಣ್ಣಿನ ತಂದೆ ಮೊದಲ ತುತ್ತು ಬಾಯಿಗಿಟ್ಟು ನುಂಗುವವರೆಗೆ ಗಂಡಿನ ಕಡೆಯವರು ಎಲೆಗೆ ಕೈ ಹಾಕುವುದಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿರುತ್ತಾರೆ. ಅವನು ಉಣ್ಣದೆ ಎದ್ದರೆ ಕೊಟ್ಟ ಹೆಣ್ಣನ್ನು ಮನಸ್ಸಿಲ್ಲದೆ ಕೊಟ್ಟಂತೆ, ಇಲ್ಲವೇ ಮನೆಯಲ್ಲಿ ಏನೋ ಮುಚ್ಚಿಟ್ಟಂತೆ. ಹಾಗೆ ಎದ್ದು ಹೋದವರ ಮನೆಯ ಹೆಣ್ಣು ಅರಿಸಿನದ ಸೀರೆಯಲ್ಲೇ ತೌರಲ್ಲಿ ಉಳಿದದ್ದನ್ನು ನಾವು ಕಂಡಿದ್ದೆವು. ನನ್ನ ಮಗಳ ಬಾಳು ನನ್ನ ಒಂದು ತುತ್ತಿಗೆ ಬಂದು ನಿಂತಿತ್ತು.

ಅಕ್ಕಿಹೆಬ್ಬಾಳಿನಲ್ಲಿ ಹೊಟ್ಟೆ ನೀವುವ ಮುದುಕಿಯೊಬ್ಬರಿದ್ದರು. ಹೊಳೆಯ ದಂಡೆಯ ಗದ್ದೆಗಳ ಗೌಡರ ಮನೆಯ ಹಿರಿಯವರು. ಆ ಮನೆಯ ಹೆಣ್ಣುಮಕ್ಕಳ ಒಡವೆ ಮಾಡಿಕೊಡುವ ಕೆಲಸ ಹಿಡಿದು ನಾನು ಅಲ್ಲಿಗೆ ಹೋಗಿ ಅವರ ಜಗಲಿಯ ಪಕ್ಕದ ಕೋಣೆಯಲ್ಲಿ ಉಳಿದುಕೊಂಡೆ. ಮಗಳು ಅತ್ತಿಗೆಯ ಬಳಿ ಉಳಿದಳು.

ಬೆಳಗ್ಗೆ ಬರಿಹೊಟ್ಟೆಯಲ್ಲಿ ನೆಲದ ಮೇಲೆ ಅಂಗಾತ ಮಲಗಬೇಕು. ಮುದುಕಿಯೂ ಏನೂ ತಿಂದಿರುತ್ತಿರಲಿಲ್ಲ, ಉಂಡ ಕೈಗೆ ಹೊಟ್ಟೆಯ ಒಳಗಿನದು ತಿಳಿಯುವುದಿಲ್ಲವಂತೆ. ಮೊದಲ ದಿನ ನನ್ನ ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ನೋಡಿದರು, ಹೊಕ್ಕುಳಿನ ಮೇಲೆ ಹೆಬ್ಬೆಟ್ಟು ಒತ್ತಿ ಕಣ್ಣು ಮುಚ್ಚಿ ಕೂತರು.

"ನಾಡಿ ಇಲ್ಲಿ ಕುಣೀಬೇಕು, ಅಲ್ಲೆಲ್ಲೋ ಪಕ್ಕೆ ತಾವ ಕುಣೀತಾ ಅದೆ. ಬಗ್ಗಿ ಬಗ್ಗಿ ಕೂತು ಒಟ್ಟೆಯ ಮಡಿಸಿದ ಪಂಚೆ ಮಾಡ್ಕೊಂಡಿದ್ದೀಯಲ್ಲೋ ಆಚಾರಿ."

"ವಾಸಿಯಾಗ್ತದಾ ಅವ್ವಾ?"

"ಸುಮ್ಕೆ ಬಿದ್ಕೊ. ಉಸ್ರು ಬುಡು. ಗೊಳವೆಗೆ ಊದೋವಂಗಲ್ಲ, ಮಲ್ಗಿರೋ ದನ ಬುಡೋವಂಗೆ."

ಅಂಗೈಗೆ ಬೆಚ್ಚಗಿನ ಹರಳೆಣ್ಣೆ ಹಚ್ಚಿಕೊಂಡು ಪಕ್ಕೆಲುಬಿನ ಕೆಳಗಿಂದ ಹೊಕ್ಕುಳಿನತ್ತ ಎಳೆದು ತರುತ್ತಿದ್ದರು. ಆಮೇಲೆ ಹೊಕ್ಕುಳ ಸುತ್ತ ನಿಧಾನವಾಗಿ, ಗಟ್ಟಿಯಾಗಿದ್ದ ಕಡೆ ನಿಂತು, ಅದು ಬಿಡುವವರೆಗೆ ಕಾದು, ಮುಂದಕ್ಕೆ. ಕಡೆಗೆ ಹೊಕ್ಕುಳ ಮೇಲೆ ಸಣ್ಣ ಹಣತೆ ಹಚ್ಚಿಟ್ಟು ಅದರ ಮೇಲೆ ಚೆಂಬು ಬೋರಲು ಹಾಕುತ್ತಿದ್ದರು. ದೀಪ ಆರಿ ಚೆಂಬು ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಚೆಂಬಿನ ಬೆಸುಗೆ ಕೆಟ್ಟಿತ್ತು, ಗಾಳಿ ಹೋಗಿ ಹಿಡಿತ ಬಿಡುತ್ತಿತ್ತು. ಅದನ್ನು ನಾನೇ ಬೆಸೆದು ಕೊಟ್ಟೆ.

ಊಟದಲ್ಲೂ ಅವರದೇ ದಾರಿ. ವೈದ್ಯರು ಬೇಡವೆಂದ ಮುದ್ದೆಯನ್ನು ಅವರೂ ಬೇಡವೆಂದರು, ರಾಗಿಯನ್ನು ಮಾತ್ರ ಬಿಡಲಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಅರೆದು ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಗಂಜಿ ಕಾಯಿಸಿ ಮಜ್ಜಿಗೆ ಬೆರೆಸಿ ಕೊಡಿಸುತ್ತಿದ್ದರು. ಹಲ್ಲು ಬಾರದ ಕೂಸಿನ ಊಟ. ಮೀಸೆ ನರೆತವನು ಅದನ್ನು ಕುಡಿಯುತ್ತ ಕೂರುವುದು ನಾಚಿಕೆಯಾಗುತ್ತಿತ್ತು. ಆದರೆ ಅದು ಒಳಗೆ ಹೋಗಿ ಜಗಳ ಮಾಡಲಿಲ್ಲ. ಮಾಘ ಕಳೆಯುವ ಹೊತ್ತಿಗೆ ನೋವಿಲ್ಲದ ದಿನಗಳು ಬಂದವು. ಅದರ ಸಂತೋಷವನ್ನು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಸಂಜೆ ಹೊಳೆಯ ದಂಡೆಗೆ ಹೋಗಿ ಕೂತು ಬರುತ್ತಿದ್ದೆ. ಮಗಳ ಬೆನ್ನಿಲ್ಲದೆ ನನ್ನ ಬೆನ್ನು ಬಟ್ಟೆ ತೊಡದ ಹಾಗೆ ಇರುತ್ತಿತ್ತು.

ಒಂದು ವಿಷಯ ಮುದುಕಿಯ ಕೈಗೆ ಸಿಕ್ಕಿತು. ನೀವುತ್ತಿದ್ದಾಗ ಮನೆಯವರು ಯಾರೋ ಒಳಗೆ ಬಂದರು. ಮುದುಕಿ ಕೈ ನಿಲ್ಲಿಸಿದರು.

"ಇದೇನೋ ಇದು? ಅವ್ರು ಬಾಗ್ಲು ದಾಟ್ತಿದ್ದಂಗೇ ನಿನ್ನೊಟ್ಟೆ ಮುಷ್ಟಿ ಕಟ್ತಲ್ಲ."

ನಾನು ಗೋಡೆಯ ಕಥೆ ಹೇಳಿದೆ. ಪಂಕ್ತಿಯ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ, ನೆದರು ಸುಳ್ಳು ಎಂದೂ ಅನ್ನಲಿಲ್ಲ. ನಾಳೆಯಿಂದ ನನ್ನೆದುರಿಗೆ ಕೂತು ಉಣ್ಣು ಎಂದರು. ಕೂತೆ. ಅವರು ನೋಡುತ್ತಿದ್ದರೆ ಬಾಯಲ್ಲಿಟ್ಟದ್ದು ಬಾಯಲ್ಲೇ ಇರುತ್ತಿತ್ತು. ಅವರು ಅತ್ತ ತಿರುಗಿದಾಗ ಹೇಗೋ ಇಳಿಯುತ್ತಿತ್ತು. "ಒಟ್ಟೆ ನಾನು ಸರಿ ಮಾಡ್ತೀನಿ. ಗಂಟ್ಲು ನನ್ ಕೈಗೆ ಸಿಗಾಕಿಲ್ಲ ಕಣಪ್ಪ," ಎಂದರು.

ಅಷ್ಟರಲ್ಲಿ ಸುಲ್ತಾನರ ಮೇಲೆ ದಂಡು ಬರುತ್ತಿರುವ ಸುದ್ದಿ ಬಂತು. ಒಂದು ದಂಡು ಮೂಡಲಿಂದ, ಇನ್ನೊಂದು ಬಡಗಲಿಂದ, ಎರಡೂ ಪಟ್ಟಣದ ಕೋಟೆಯ ಕಡೆಗೆ. ದಂಡಿಗೆ ಸಿಗಬಾರದೆಂದು ದಾರಿಯ ಊರುಗಳ ಬಣವೆಗಳಿಗೆ ನಮ್ಮವರೇ ಬೆಂಕಿ ಹಾಕುತ್ತಿದ್ದರು. ಅಣ್ಣ ಹೇಳಿ ಕಳಿಸಿದ, ಬೀಗರು ನಾಗಮಂಗಲ ಬಿಟ್ಟು ಗಾಡಿ ಕಟ್ಟಿಕೊಂಡು ಬಂದಿದ್ದಾರೆ, ಹಾಸನದಾಚೆಗೆ ಹೋಗುತ್ತಾರಂತೆ, ಹುಡುಗಿಗೆ ಧಾರೆ ಎರೆದು ಕೊಟ್ಟರೆ ಜೊತೆಗೆ ಕರೆದೊಯ್ಯುತ್ತಾರಂತೆ, ಕೂಡಲೇ ಬಾ ಎಂದು. ನಾನು ಇಕ್ಕಳ ಗೊಳವೆಗಳನ್ನು ಅಲ್ಲೇ ಬಿಟ್ಟು ನಡೆದೆ.

ಆ ಮದುವೆಯನ್ನು ಮದುವೆ ಅನ್ನಬೇಕೋ ಬೇಡವೋ. ಓಲಗವಿಲ್ಲ, ಚಪ್ಪರಕ್ಕೆ ಹೊಂಗೆಯ ಸೊಪ್ಪು. ಅಕ್ಕಿ ಬೇಳೆಯೆಲ್ಲ ಮೊದಲೇ ಎಲ್ಲೆಲ್ಲೋ ಅಡಗಿಸಿಯಾಗಿತ್ತು. ನೆಲದೊಳಗಿನ ಹಗೇವು ತೆಗೆಸಿ ರಾಗಿ ಎತ್ತಿದರು. ಬೀಗರ ಜೊತೆ ಅರ್ಧ ಊರೇ ಬಂದಿತ್ತು, ಅಷ್ಟೂ ಜನಕ್ಕೆ ಮುದ್ದೆ ಕಟ್ಟಿದರೆ ದಾರಿಗೆ ಏನೂ ಉಳಿಯದು. ಅದಕ್ಕೆ ಅತ್ತಿಗೆ ದೊಡ್ಡ ಹಂಡೆಯಲ್ಲಿ ರಾಗಿ ಗಂಜಿ ಕಾಯಿಸಿ ಮಜ್ಜಿಗೆ ಸುರಿದರು. ಹೋಳಿಗೆಯಿಲ್ಲ, ತುಪ್ಪವಿಲ್ಲ, ಹುಣಿಸೆಯ ಗೊಜ್ಜೂ ಇಲ್ಲ.

ಪಂಕ್ತಿಯಲ್ಲಿ ಕೂತು ಮುತ್ತುಗದ ದೊನ್ನೆಗೆ ಬಿದ್ದದ್ದನ್ನು ನೋಡಿದೆ. ನನ್ನ ಪಥ್ಯ. ಎಷ್ಟೋ ವರ್ಷಗಳ ನಂತರ ನನ್ನ ಮುಂದಿದ್ದದ್ದೇ ಎಲ್ಲರ ಮುಂದೂ ಇತ್ತು. ಎದುರಿಗೆ ಕೂತ ಬೀಗರು ದಪ್ಪನೆಯ, ದೊಡ್ಡ ಗಂಟಲಿನ ಮನುಷ್ಯ. "ಇದೇನ್ ಬೀಗ್ರೆ, ಬಾಣಂತಿ ಊಟ ಹಾಕಿಸ್ಬುಟ್ರಿ," ಎಂದು ನಕ್ಕರು. ನನ್ನ ಹೊಟ್ಟೆ ಮೆತ್ತಗಿತ್ತು, ಹಸಿದಿತ್ತು. ಗೆದ್ದೆ ಅಂದುಕೊಂಡೆ.

ದೊನ್ನೆ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಅಷ್ಟೂ ಕಣ್ಣು ನನ್ನ ಮೇಲೆ. ಗಂಜಿ ಬಾಯಲ್ಲೇ ನಿಂತಿತು. ನುಂಗಲು ನೋಡಿದೆ, ಗಂಟಲು ಕದ ಹಾಕಿಕೊಂಡಿತ್ತು. ಕಣ್ಣಲ್ಲಿ ನೀರು ಬಂತು. ಬೀಗರ ನಗು ನಿಂತಿತು. ಅವರ ಪಕ್ಕದಲ್ಲಿದ್ದವರು ಏನೋ ಪಿಸುಗುಟ್ಟಿದರು.

"ಯಾಕ್ ಬೀಗ್ರೆ, ಏನಾಯ್ತು?" ಎಂದರು ಬೀಗರು.

ಒಳಗಿನ ಬಾಗಿಲಲ್ಲಿ ಹೆಂಗಸರ ನಡುವೆ ನಿಂತಿದ್ದ ಮಗಳು ಹೊರಗೆ ಬಂದಳು. ಹಣೆಗೆ ಬಾಸಿಂಗ, ಕೈ ತುಂಬ ಅರಿಸಿನ. ಮದುಮಗಳು ಗಂಡಸರ ಪಂಕ್ತಿಗೆ ಬರುವ ಪದ್ಧತಿಯೇ ಇಲ್ಲ. ಅವಳು ಯಾರನ್ನೂ ನೋಡದೆ ನನ್ನ ಹಿಂದೆ ಬಂದು ನೆಲದ ಮೇಲೆ ಕೂತು, ಬೆನ್ನನ್ನು ನನ್ನ ಬೆನ್ನಿಗೆ ಆನಿಸಿದಳು. ಮನೆಯಲ್ಲಿ ಮಾತಾಡುವ ಹಾಗೇ ಮೆಲ್ಲಗೆ ಶುರು ಮಾಡಿದಳು.

"ಅಪ್ಪಯ್ಯ, ದೊಡ್ಡವ್ವನ ಕರೆಮ್ಮೆ ಅಗ್ಗ ಕಿತ್ಕೊಂಡು ಬಾವಿ ತಾವ ನಿಂತದೆ. ಯಾರು ಕರುದ್ರೂ ಬರ್ತಿಲ್ಲ. ಬೀಗ್ರ ಗಾಡೀಲಿದ್ದ ಉಲ್ಲೆಲ್ಲ ತಿಂದ್ಬುಡ್ತು." ಅವಳ ಬೆನ್ನು ಒಂದು ಸಲ ಅಲುಗಿತು. "ಯಾರೂ ನೋಡ್ತಿಲ್ಲ, ಉಣ್ಣು."

ನಾನು ಕಣ್ಣು ಮುಚ್ಚಿದೆ. ಗಂಜಿ ಇಳಿಯಿತು. ಇನ್ನೊಂದು ಗುಟುಕು, ಅದೂ ಇಳಿಯಿತು.

ಕಣ್ಣು ಬಿಟ್ಟಾಗ ಬೀಗರು ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. "ತಾಯಿಲ್ದ ಮಗಾ. ಅಪ್ಪನ ಬುಟ್ಟೋಗಾಕೆ ಸಂಕ್ಟ ಕಣ್ರಪ್ಪ. ಆವಯ್ಯನ್ಗೂ ಗಂಟ್ಲು ಕಟ್ಟದೆ," ಎಂದು ತಮ್ಮವರಿಗೆ ಹೇಳಿ ದೊನ್ನೆಗೆ ಕೈ ಹಾಕಿದರು. ಪಂಕ್ತಿಯೆಲ್ಲ ಸುರ್ರೆಂದು ಕುಡಿಯತೊಡಗಿತು. ನನ್ನ ಹೊಟ್ಟೆಯ ವಿಷಯ ಯಾರಿಗೂ ತಿಳಿಯಲಿಲ್ಲ. ಅವರು ಹೇಳಿದ್ದೂ ಸುಳ್ಳಾಗಿರಲಿಲ್ಲ.

ಆ ಮಧ್ಯಾಹ್ನವೇ ಗಾಡಿಗಳು ಹೊರಟವು. ನಾವೂ ಕಾಡು ಸೇರಿಕೊಂಡೆವು. ದಂಡು ಬಂದು ಹೋಯಿತು, ನಾಗಮಂಗಲ ಸುಟ್ಟುಹೋಯಿತು, ಬೀಗರು ಅಲ್ಲಿಗೆ ಮತ್ತೆ ಬರಲಿಲ್ಲ. ಹಾಸನದಾಚೆ ಎಲ್ಲಿ ನೆಲೆಸಿದರೆಂದು ಸಿಕ್ಕವರನ್ನೆಲ್ಲ ಕೇಳಿದೆ. ಅಂಥ ಮನೆಯವರು ಇಂಥಲ್ಲಿದ್ದಾರೆ ಎಂದು ಹೇಳುವವರು ಸಿಗಲಿಲ್ಲ. ಒಂದೆರಡು ಸಲ ಹೊರಟು ಊರೂರು ಅಲೆದು ಬರಿಗೈಯಲ್ಲಿ ವಾಪಸು ಬಂದೆ. ಅವಳು ಬದುಕಿದ್ದಾಳೋ ಇಲ್ಲವೋ ತಿಳಿಯದೆ ವರ್ಷಗಳು ಕಳೆದವು.

ಆ ವರ್ಷಗಳಲ್ಲೇ ಹೊಟ್ಟೆ ವಾಸಿಯಾಯಿತು, ಯಾರಿಗೆ ಬೇಕಾಗಿತ್ತೋ. ಮುದುಕಿ ಇರುವಷ್ಟು ದಿನ ಅಕ್ಕಿಹೆಬ್ಬಾಳಿಗೆ ಹೋಗಿ ನೀವಿಸಿಕೊಂಡೆ. ಸೋಸಿದ ಗಂಜಿಯಿಂದ ಸೋಸದ ಗಂಜಿಗೆ, ಅದರಿಂದ ಮೆದು ಮುದ್ದೆಗೆ, ನಿಧಾನವಾಗಿ ಹತ್ತಿ ಬಂದೆ. ಗಂಟಲೂ ಯಾವಾಗಲೋ ಸಡಿಲಿತು. ಕಳೆದುಕೊಳ್ಳಲು ಏನೂ ಉಳಿಯದವನ ಗಂಟಲಿಗೆ ಯಾರ ಹೆದರಿಕೆ? ಮೊನ್ನೆ ಬೇಸಗೆಯಲ್ಲಿ ಪಟ್ಟಣದ ಕೋಟೆ ಬಿತ್ತು. ಅದಾದ ಸ್ವಲ್ಪ ದಿನಕ್ಕೆ ಅತ್ತಿಕುಪ್ಪೆಯ ಒಂದು ಮದುವೆಯಲ್ಲಿ ತುಂಬಿದ ಪಂಕ್ತಿಯಲ್ಲಿ ಕೂತು ಮುದ್ದೆ, ಅವರೆಯ ಸಾರು ಉಂಡೆ. ಯಾರೂ ಗಮನಿಸಲಿಲ್ಲ. ಒಬ್ಬಳಿಗೆ ಹೇಳಬೇಕೆಂದು ಬಾಯಿ ತುರಿಸುತ್ತಿತ್ತು, ಅವಳಿರಲಿಲ್ಲ.

ಹೋದ ವಾರ ಹಾಸನದ ಕಡೆಯಿಂದ ಬಳೆಗಾರನೊಬ್ಬ ಬಂದ. ದಾರಿಗಳು ಈಗ ತೆರೆದಿವೆ. ಅತ್ತಿಗೆ ಜಗಲಿಯಲ್ಲಿ ಬಳೆ ನೋಡುತ್ತಿದ್ದಾಗ ಅವನು, ನಿಮ್ಮ ಕಡೆಯ ಹೆಣ್ಣುಮಗಳೊಬ್ಬಳು ಅಲ್ಲಿ ಕಂಚುಗಾರರ ಮನೆಯಲ್ಲಿದ್ದಾಳೆ, ಹೊಸಹೊಳಲು ಅಂದರೆ ಸಾಕು ಕೈ ಬಳೆಯನ್ನೂ ಮರೆತು ಕೇಳುತ್ತ ನಿಲ್ಲುತ್ತಾಳೆ ಎಂದ. ನಾನು ಒಳಗಿನಿಂದ ಓಡಿ ಬಂದೆ. ಮಕ್ಕಳಿದ್ದಾರೆ, ಗಂಡ ಒಳ್ಳೆಯವನು, ಮನೆ ಚೆನ್ನಾಗಿದೆ. ಎಲ್ಲ ಹೇಳಿ ಕಡೆಗೆ ನಕ್ಕ.

"ಒಂದ್ ಇಚಿತ್ರ ಅದೆ ಆವಮ್ಮಂದು. ಎಲ್ರೂ ಉಂಡಾದ್ ಮ್ಯಾಲೆ ಮೂಲೇಲಿ ಗ್ವಾಡೆ ಕಡೀಕೆ ತಿರುಕ್ಕೊಂಡು ಉಣ್ತದೆ."

"ಒಟ್ಟೆನೋವಾ?" ಎಂದು ಕೇಳಿದೆ.

"ಏ, ಇಲ್ಲ ಬುಡಿ, ಕಲ್ ತಿಂದ್ರೂ ಅರಗ್ತದೆ ಆವಮ್ಮಂಗೆ. ಬೆನ್ನಿಂದೆ ಒಬ್ರು ಕೂರೋವಷ್ಟು ಜಾಗ ಬುಟ್ಕೊಂಡು ಕೂತಿರ್ತದೆ. ಮಕ್ಳು ಅಲ್ಲಿ ಬಂದು ಕೂತ್ರೆ ಬೈತದಂತೆ."

ಅಂದೇ ಹೊರಟೆ. ಹೊಳೆಯವರೆಗೆ ಹೋಗಿ ನೀರು ನೋಡಿ ಹಿಂದಕ್ಕೆ ಬಂದೆ. ನೀರು ಇಳಿಯಲಿ, ಇಷ್ಟು ವರ್ಷ ಕಾದಿದ್ದೀಯ ಎಂದ ಅಣ್ಣ. ಸಂಜೆ ಅತ್ತಿಗೆ ಎಲ್ಲರಿಗೂ ಸಾಲಾಗಿ ಎಲೆ ಹಾಕಿ ಕರೆದರು. ಎಲ್ಲರ ಜೊತೆ ಕೂರಬಲ್ಲ ಹೊಟ್ಟೆ ನನಗೆ ಈಗ ಇದೆ. ಆದರೂ ನನ್ನ ಎಲೆಯನ್ನು ಮೂಲೆಗೆ ತೆಗೆದುಕೊಂಡು ಹೋಗಿ, ಗೋಡೆಯ ಕಡೆ ತಿರುಗಿ, ಬೆನ್ನ ಹಿಂದೆ ಜಾಗ ಬಿಟ್ಟು ಕೂತೆ. ಅವಳು ಉಣ್ಣುವ ಹೊತ್ತೂ ಇದೇ ಇರಬಹುದು ಎಂದುಕೊಂಡು ಮೊದಲ ತುತ್ತು ಮುರಿದೆ.